ಕಾಫಿ ಅಂಗಡಿ ತೆರೆದ ರಕ್ಕಸಿ

ರಕ್ಕಸಿ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಕೋರೆಹಲ್ಲು, ಕೆದರಿದ ಕೂದಲು, ಗುಡುಗಿನಂಥ ದನಿ. ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಅವಳಿಗೆ ಎರಡೇ ಕೆಲಸ. ಮೊದಲು ರಾಜಕುಮಾರಿಯನ್ನು ಹೊತ್ತೊಯ್ಯಬೇಕು, ಕೊನೆಗೆ ರಾಜಕುಮಾರನ ಕತ್ತಿಗೆ ಬಲಿಯಾಗಬೇಕು. ಅದೇ ರಕ್ಕಸಿಗೆ ಒಂದು ದಿನ ಈ ಹೊಡೆದಾಟವೆಲ್ಲ ಸಾಕೆನಿಸಿತು ಎಂದುಕೊಳ್ಳಿ. ಬೆನ್ನುನೋವು ಬೇರೆ ಶುರುವಾಗಿದೆ. ಕತ್ತಿಯನ್ನು ಬದಿಗಿಟ್ಟು, ಕೂಡಿಟ್ಟ ಹಣದಲ್ಲಿ ಯಾವುದೋ ಪಟ್ಟಣದ ಹಳೆಯ ಕುದುರೆ ಲಾಯವೊಂದನ್ನು ಕೊಂಡು, ಅಲ್ಲಿ ಕಾಫಿ ಅಂಗಡಿ ತೆರೆಯುತ್ತಾಳೆ. ಆ ಊರಿನವರಿಗೆ ಕಾಫಿ ಎಂದರೇನೆಂದೇ ಗೊತ್ತಿಲ್ಲ. ಅಂಗಡಿ ತೆರೆದ ದಿನ ಒಬ್ಬ ಗಿರಾಕಿಯೂ ಇಲ್ಲ!

ಅಮೆರಿಕದ ಟ್ರಾವಿಸ್ ಬಾಲ್ಡ್ರಿ ಬರೆದ 'ಲೆಜೆಂಡ್ಸ್ ಆ್ಯಂಡ್ ಲಾಟೆಸ್' ಎಂಬ ಇಂಗ್ಲಿಷ್ ಕಾದಂಬರಿಯ ಕಥೆ ಇದು. ಬಾಲ್ಡ್ರಿಯ ಕಸುಬು ಬೇರೆಯವರ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸುವುದು. 2021ರ ನವೆಂಬರ್‌ನಲ್ಲಿ, ಒಂದು ತಿಂಗಳಲ್ಲಿ ಕಾದಂಬರಿಯ ಕರಡು ಮುಗಿಸುವ ಸವಾಲಿಗಾಗಿ ಇದನ್ನು ಬರೆದ. ಪ್ರಕಾಶಕರಿಗೆ ಕಾಯದೆ 2022ರ ಆರಂಭದಲ್ಲಿ ತಾನೇ ಪ್ರಕಟಿಸಿದ. ಪುಸ್ತಕ ಹೇಗೆ ಓಡಿತೆಂದರೆ, ಅದೇ ವರ್ಷ ದೊಡ್ಡ ಪ್ರಕಾಶನ ಸಂಸ್ಥೆಯೊಂದು ಅದನ್ನು ಕೊಂಡು ಮತ್ತೆ ಮುದ್ರಿಸಿತು. ಇಂಥ ಕಥೆಗಳಿಗೆ ಈಗ 'ಕೋಝಿ ಫ್ಯಾಂಟಸಿ' ಎಂಬ ಹೆಸರು ನಿಂತಿದೆ. ಮಾಯೆ ಇರುತ್ತದೆ, ಮಾತಾಡುವ ಬೆಕ್ಕು ಇರಬಹುದು, ಡ್ರ್ಯಾಗನ್ ಕೂಡ ಇರಬಹುದು. ಆದರೆ ಜಗತ್ತನ್ನು ವಿನಾಶದಿಂದ ಪಾರುಮಾಡುವ ಹೊರೆ ಯಾರ ತಲೆಯ ಮೇಲೂ ಇರುವುದಿಲ್ಲ. ಇಂದು ರೊಟ್ಟಿ ಹದವಾಗಿ ಉಬ್ಬಿತೇ, ಸೋರುವ ಮಾಡು ಮಳೆಗೆ ಮುನ್ನ ರಿಪೇರಿಯಾದೀತೇ, ಪಕ್ಕದ ಮನೆಯವಳ ಮುನಿಸು ಇಳಿಯಿತೇ, ಇಂಥವೇ ಅಲ್ಲಿಯ ದೊಡ್ಡ ಪ್ರಶ್ನೆಗಳು.

"ಇದೇನು, ನಮ್ಮ ಮನೆಯಲ್ಲಿ ದಿನವೂ ನಡೆಯುವುದೇ ಅಲ್ಲವೇ?" ಎಂದು ನೀವು ಕೇಳಬಹುದು. ಹೌದು, ಅದೇ. ನಮ್ಮಂಥ ಓದುಗಿಯರಿಗೆ ಈ ಪುಸ್ತಕಗಳು ಹಿಡಿಸುವುದಕ್ಕೆ ಕಾರಣವೂ ಅದೇ. ಸಾಹಸದ ಕಥೆಗಳಲ್ಲಿ ವೀರನು ಬರುತ್ತಾನೆ, ಊಟ ಮಾಡುತ್ತಾನೆ, ಹೋಗುತ್ತಾನೆ. ಊಟ ಬೇಯಿಸಿದವಳು ಯಾರು, ಪಾತ್ರೆ ತೊಳೆದವಳು ಯಾರು ಎಂದು ಬರೆದ ಪುಣ್ಯಾತ್ಮರು ಕಡಿಮೆ. ಇಲ್ಲಿ ಬೇಯಿಸುವುದೂ ಹೊಲಿಯುವುದೂ ಕಥೆಯೊಳಗಿನ ಕೆಲಸವಾಗಿ ಎಣಿಕೆಗೆ ಬರುತ್ತವೆ.

ರಕ್ಕಸಿಯ ಅಂಗಡಿಗೆ ಮರಳೋಣ. ಮನೆಯಲ್ಲೇ ಹೊಲಿಗೆ, ಕೇಕ್, ಉಪ್ಪಿನಕಾಯಿ ಎಂದು ಸಣ್ಣ ವ್ಯಾಪಾರ ಮಾಡುವ ಸಹೋದರಿಯರು ಇದನ್ನು ಓದಿದರೆ ಪುಟಪುಟಕ್ಕೂ ತಲೆಯಾಡಿಸುತ್ತಾರೆ. ಮೊದಲು ಪುಕ್ಕಟೆ ರುಚಿ ನೋಡಲು ಕೊಡಬೇಕು. ಕಾಫಿ ಕುಡಿದವರು ಜೊತೆಗೆ ತಿನ್ನಲು ಏನಿದೆ ಎನ್ನುತ್ತಾರೆ. ಇಲಿಯಂಥ ಮೋರೆಯ, ಮಾತು ಕಡಿಮೆ ಆಡುವ ಒಬ್ಬ ಬೇಕರಿ ಕೆಲಸಗಾರ ಸಿಗುತ್ತಾನೆ, ಅವನ ದಾಲ್ಚಿನ್ನಿ ರೊಟ್ಟಿಯ ಪರಿಮಳಕ್ಕೆ ಬೀದಿಯೇ ಸಾಲು ನಿಲ್ಲುತ್ತದೆ. ಹಫ್ತಾ ಕೇಳುವ ರೌಡಿಗಳ ಗುಂಪೂ ಬರುತ್ತದೆ. ಅದರ ಮುಖ್ಯಸ್ಥೆ ಒಬ್ಬ ವೃದ್ಧೆ. ಅವಳೊಂದಿಗಿನ ತಕರಾರು ಹಣದ ಬದಲು ವಾರಕ್ಕೊಮ್ಮೆ ರೊಟ್ಟಿ ಕಳಿಸುವ ಕರಾರಿನಲ್ಲಿ ಮುಗಿಯುವ ಭಾಗವನ್ನು ಓದಿ ನಾನು ಒಬ್ಬಳೇ ಕುಳಿತು ನಕ್ಕಿದ್ದೇನೆ. ಮುಂದೆ ಅಂಗಡಿಗೆ ಬೆಂಕಿ ಬೀಳುತ್ತದೆ. ಮತ್ತೆ ಕಟ್ಟುವಾಗ ಯಾರು ಯಾರು ಬಂದು ಹೆಗಲು ಕೊಡುತ್ತಾರೆ ಎಂಬುದನ್ನು ನೀವೇ ಓದಿ. ಒಂದು ಮಾತು ಮಾತ್ರ ಮೊದಲೇ ಹೇಳಬೇಕು. ಇದು ದೊಡ್ಡವರಿಗಾಗಿ ಬರೆದ ಕಾದಂಬರಿ. ನಾಯಕಿ ಮತ್ತು ಅಂಗಡಿಯಲ್ಲಿ ಅವಳ ಜೊತೆ ದುಡಿಯುವ ಹೆಣ್ಣಿನ ಸ್ನೇಹ ಕೊನೆಗೆ ಪ್ರೇಮದತ್ತ ತಿರುಗುತ್ತದೆ. ಮಕ್ಕಳ ಕೈಗೆ ಕೊಡುವ ಮೊದಲು ತಾಯಂದಿರಿಗೆ ಈ ವಿಷಯ ತಿಳಿದಿರಲಿ.

ಕಾಫಿಯ ಮಾತು ಬಂತಲ್ಲ. ಊರಿಗೇ ಗೊತ್ತಿಲ್ಲದ ಬೀಜವನ್ನು ಯಾರೋ ದೂರದಿಂದ ಹೊತ್ತು ತರುವ ಕಥೆ ನಮ್ಮ ನಾಡಿನವರಿಗೆ ಹೊಸದಲ್ಲ. 15ನೇ ಶತಮಾನದಲ್ಲಿ ಯಮನ್‌ನ ಸೂಫಿಗಳು ರಾತ್ರಿಯ ದ್ಸಿಕ್ರ್‌ಗೆ ನಿದ್ದೆ ಬಾರದಿರಲೆಂದು ಕಾಫಿ ಕುಡಿಯುತ್ತಿದ್ದರು. ಬಾಬಾ ಬುಡನ್ ಅವರು ಹಜ್ಜ್‌ನಿಂದ ಮರಳುವಾಗ ಯಮನ್‌ನ ಮೋಖಾದಿಂದ 7 ಬೀಜಗಳನ್ನು ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಊರಿದರು ಎಂಬುದು ಪ್ರತೀತಿ. ಕಾಲ 17ನೇ ಶತಮಾನ ಎನ್ನುತ್ತಾರೆ. ಅಮೆರಿಕದ ಲೇಖಕ ತನ್ನ ಕಥೆಯಲ್ಲಿ ಕಾಫಿಯನ್ನು ಕುಳ್ಳರ ನಾಡಿನಿಂದ ತರಿಸುತ್ತಾನೆ. ನಮ್ಮ ಬೆಟ್ಟದ ಕಥೆ ಅವನಿಗೆ ತಿಳಿದಿದ್ದರೆ ಇನ್ನೂ ಚೆನ್ನಾಗಿತ್ತೇನೋ!

ಇನ್ನು ಜಪಾನಿನ ಮಾಂಗಾ. ಮನೆಯಲ್ಲಿ ಹದಿಹರೆಯದ ಮಕ್ಕಳಿದ್ದರೆ ಈ ಪದ ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ಇದು ಮಂಗವೂ ಅಲ್ಲ, ಮಲಯಾಳದ ಮಾವಿನಕಾಯಿಯೂ ಅಲ್ಲ, ಜಪಾನಿನ ಚಿತ್ರಕಥೆ. ಅಲ್ಲಿ ಇವು ಮೊದಲು ವಾರಪತ್ರಿಕೆ ಮಾಸಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬರುತ್ತವೆ, ಆಮೇಲೆ ಸುಮಾರು 200 ಪುಟಗಳ ಸಂಪುಟಗಳಾಗುತ್ತವೆ. ಮಕ್ಕಳಿಗೆ, ಹುಡುಗಿಯರಿಗೆ, ಗೃಹಿಣಿಯರಿಗೆ, ಕಚೇರಿಗೆ ಹೋಗುವ ಗಂಡಸರಿಗೆ ಬೇರೆ ಬೇರೆ ಪತ್ರಿಕೆಗಳಿವೆ. ಹಾಗಾಗಿ ಚಿತ್ರವಿದ್ದ ಮಾತ್ರಕ್ಕೆ ಅದು ಮಕ್ಕಳ ಪುಸ್ತಕವಾಗುವುದಿಲ್ಲ. ಇಂಗ್ಲಿಷ್ ಆವೃತ್ತಿಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ವಯಸ್ಸಿನ ಸೂಚನೆ ಮುದ್ರಿಸಿರುತ್ತಾರೆ, ಅದನ್ನು ನೋಡಿಯೇ ಕೊಳ್ಳಿ. ಇನ್ನೊಂದು ಸ್ವಾರಸ್ಯ: ಮಾಂಗಾವನ್ನು ಬಲದಿಂದ ಎಡಕ್ಕೆ ಓದಬೇಕು. ಇಂಗ್ಲಿಷ್ ಮಾತ್ರ ಓದಿದವರು ಮೊದಲ ದಿನ ತಿಣುಕಾಡುತ್ತಾರೆ. ಮದ್ರಸಕ್ಕೆ ಹೋದ ನಮ್ಮ ಮಕ್ಕಳಿಗೆ ಪುಸ್ತಕವನ್ನು ಬಲಗಡೆಯಿಂದ ತೆರೆಯುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಜಪಾನಿನಲ್ಲಿ ಇಂಥ ತಣ್ಣನೆಯ ಕಥೆಗಳಿಗೆ 'ಇಯಾಶಿಕೆಯ್' ಎನ್ನುತ್ತಾರೆ. ಇಯಾಶಿ ಎಂದರೆ ಉಪಶಮನ, ಗಾಯ ಮಾಯುವುದು. 1995ರ ಜನವರಿಯಲ್ಲಿ ಕೋಬೆ ನಗರವನ್ನು ಭೂಕಂಪ ನೆಲಸಮ ಮಾಡಿತು. ಎರಡೇ ತಿಂಗಳಲ್ಲಿ ಟೋಕಿಯೋದ ನೆಲದಡಿಯ ರೈಲಿನಲ್ಲಿ ವಿಷಾನಿಲ ದಾಳಿ ನಡೆಯಿತು. ಈ ಎರಡರ ನಂತರ ಆ ಪದ ಜನರ ಬಾಯಲ್ಲಿ ಬಳಕೆಗೆ ಬಂತು. ಅದಕ್ಕೆ ಸ್ವಲ್ಪ ಮೊದಲೇ, 1994ರಲ್ಲಿ, ಹಿತೋಶಿ ಆಶಿನಾನೋ ಎಂಬ ಕಲಾವಿದ ಶುರುಮಾಡಿದ 'ಯೋಕೋಹಾಮಾ ಕೈದಾಶಿ ಕಿಕೋ' 2006ರವರೆಗೆ ನಡೆಯಿತು. ಸಮುದ್ರ ಏರಿ ಊರುಗಳನ್ನು ನುಂಗಿದೆ, ಮನುಷ್ಯರು ವಿರಳವಾಗಿದ್ದಾರೆ. ಮುಳುಗಿದ ರಸ್ತೆಯ ಅಂಚಿನಲ್ಲಿ ಆಲ್ಫಾ ಎಂಬ ಯಂತ್ರಮಾನವಿ ಒಂದು ಕಾಫಿ ಅಂಗಡಿ ನಡೆಸುತ್ತಾಳೆ. ಯಜಮಾನ ಎಲ್ಲಿಗೋ ಹೋಗಿದ್ದಾನೆ. ಆಗೊಮ್ಮೆ ಈಗೊಮ್ಮೆ ಒಬ್ಬ ಗಿರಾಕಿ. ಅಷ್ಟೇ ಕಥೆ! ಆದರೂ ಮನೆಯ ಹಿರಿಯರು ತೀರಿಹೋದ ಮೇಲೆ ಬರುವ ಆ ನಿಶ್ಶಬ್ದದ ದಿನಗಳಲ್ಲಿ ಇದಕ್ಕಿಂತ ಒಳ್ಳೆಯ ಜೊತೆಯನ್ನು ನಾನು ಕಂಡಿಲ್ಲ. ಲಘುವಾದ ಪುಸ್ತಕ ಎಂದರೆ ದುಃಖವೇ ಗೊತ್ತಿಲ್ಲದ ಪುಸ್ತಕ ಎಂದು ತಿಳಿಯಬೇಡಿ.

ಎಲ್ಲವೂ ಚಿನ್ನ ಎಂದು ನಾನು ಹೇಳುವುದಿಲ್ಲ. ರಕ್ಕಸಿಯ ಅಂಗಡಿ ಗೆದ್ದ ಮೇಲೆ ಮುಖಪುಟದಲ್ಲಿ ಚಹಾದ ಬಟ್ಟಲು, ಕಿಟಕಿಯಲ್ಲೊಂದು ಬೆಕ್ಕು ಇರುವ ಪುಸ್ತಕಗಳು ರಾಶಿ ಬಿದ್ದಿವೆ. ಅರ್ಧಕ್ಕರ್ಧ ಬರೀ ಸಕ್ಕರೆ ಪಾಕ. ಯಾರಿಗೂ ಯಾವ ಕಷ್ಟವೂ ಇಲ್ಲ, ಎಲ್ಲರೂ ಎಲ್ಲರನ್ನೂ ಹೊಗಳುತ್ತಿರುತ್ತಾರೆ. ಉಪ್ಪಿಲ್ಲದ ಗಂಜಿಯನ್ನು ಎಷ್ಟು ದಿನ ಉಣ್ಣಲಾದೀತು? ಮಾಂಗಾದಲ್ಲೂ ಸತ್ತು ಬೇರೊಂದು ಲೋಕದಲ್ಲಿ ಹುಟ್ಟಿ ಆರಾಮವಾಗಿ ಬೇಸಾಯ ಮಾಡುವ ನಾಯಕನ ಕಥೆಗಳಿಗೆ ಬರವಿಲ್ಲ. ಬೇಸಾಯವೇನೋ ಸರಿ, ಆದರೆ ಅವುಗಳಲ್ಲಿ ಅನೇಕ ಕಡೆ ಅವನ ಸುತ್ತ ಅರೆಬಟ್ಟೆಯ ಹುಡುಗಿಯರ ದಂಡು. ನಗುವ ಮುಖಪುಟ ನೋಡಿ ಮೋಸಹೋಗದೆ ಒಳಗಿನ ನಾಲ್ಕು ಪುಟ ತಿರುವಿ ನೋಡಿ.

ಹಾಗಾದರೆ ಮನೆಯ ಹೆಣ್ಣುಮಕ್ಕಳ ಜೊತೆ ಕುಳಿತು ಓದಲು ಯಾವುದು? ನನ್ನ ಆಯ್ಕೆ ಏಕೋ ಕಾದೋನೋ ಅವರ 'ಕಿಕಿಸ್ ಡೆಲಿವರಿ ಸರ್ವೀಸ್'. 1989ರಲ್ಲಿ ಹಯಾವೋ ಮಿಯಾಝಾಕಿ ಇದನ್ನು ಚಲನಚಿತ್ರ ಮಾಡಿದ್ದರಿಂದ ಹೆಸರು ಕೇಳಿದವರಿದ್ದಾರೆ, ಮೂಲ ಪುಸ್ತಕ ಓದಿದವರು ಕಡಿಮೆ. ಮಾಟಗಾತಿಯರ ಮನೆತನದ ಹುಡುಗಿ 13 ವರ್ಷ ತುಂಬಿದಾಗ ಮನೆ ಬಿಟ್ಟು, ಮಾಟಗಾತಿ ಇಲ್ಲದ ಊರು ಹುಡುಕಿ, ಒಂದು ವರ್ಷ ಸ್ವಂತ ದುಡಿಮೆಯಲ್ಲಿ ಬದುಕಬೇಕು. ಕಿಕಿಗೆ ತಾಯಿಯಂತೆ ಔಷಧಿ ಮಾಡಲು ಬಾರದು. ಬರುವುದು ಪೊರಕೆಯ ಮೇಲೆ ಹಾರುವುದೊಂದೇ. ಕಡಲ ತೀರದ ಊರಿಗೆ ಬಂದಿಳಿದರೆ ಯಾರೂ ಮಾತಾಡಿಸುವುದಿಲ್ಲ. ಕೊನೆಗೆ ಬಸುರಿ ಹೆಂಗಸೊಬ್ಬಳು ತನ್ನ ಬೇಕರಿಯಲ್ಲಿ ಜಾಗ ಕೊಡುತ್ತಾಳೆ. ಗಿರಾಕಿಯೊಬ್ಬಳು ಮರೆತುಹೋದ ಮಗುವಿನ ಚೀಪುವ ನಿಪ್ಪಲನ್ನು ತಲುಪಿಸುವುದೇ ಕಿಕಿಯ ಮೊದಲ ಕೆಲಸ. ಕೂಲಿಗೆ ಅವಳು ಬೆಲೆ ಕಟ್ಟುವುದಿಲ್ಲ. ನಿಮ್ಮಲ್ಲಿರುವುದರಲ್ಲಿ ಒಂದಿಷ್ಟು ಹಂಚಿಕೊಳ್ಳಿ, ಸಾಕು ಎನ್ನುತ್ತಾಳೆ. ನೆರೆಮನೆಯಿಂದ ಬಂದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸದ ನಮ್ಮ ಮನೆಗಳಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಅಂದಹಾಗೆ, ಕುಲದ ಪದ್ಧತಿಯಂತೆ ಕಿಕಿ ಕಪ್ಪು ಉಡುಪನ್ನೇ ತೊಡಬೇಕು, ಬಣ್ಣದ ಬಟ್ಟೆ ಬೇಕೆಂದು ತಾಯಿಯೊಂದಿಗೆ ಸಣ್ಣ ಜಗಳ ನಡೆಯುತ್ತದೆ. ಹದಿಮೂರರ ಹುಡುಗಿ, ಕಪ್ಪು ಉಡುಪು, ತಾಯಿಯೊಂದಿಗೆ ತಕರಾರು. ನಿಮ್ಮಲ್ಲಿ ಕೆಲವರು ಈಗಾಗಲೇ ಮುಗುಳ್ನಗುತ್ತಿರಬೇಕು.

ಕಾದೋನೋ ಅವರ ಬದುಕೂ ಹೇಳುವಂಥದ್ದೇ. 1935ರಲ್ಲಿ ಟೋಕಿಯೋದಲ್ಲಿ ಹುಟ್ಟಿದ ಅವರಿಗೆ 5ನೇ ವಯಸ್ಸಿನಲ್ಲೇ ತಾಯಿ ಇಲ್ಲವಾದರು. ಬಾಲ್ಯವೆಲ್ಲ ಯುದ್ಧದ ನೆರಳು. ಮದುವೆಯಾದ ಮೇಲೆ ಎರಡು ವರ್ಷ ಬ್ರೆಝಿಲ್‌ನಲ್ಲಿದ್ದರು. ಅಲ್ಲಿಯ ಬಾಲಕನೊಬ್ಬನ ಕುರಿತ ಮೊದಲ ಪುಸ್ತಕ ಹೊರಬಂದದ್ದು 1970ರಲ್ಲಿ, 35ನೇ ವಯಸ್ಸಿನಲ್ಲಿ. ಕಿಕಿ ಬಂದದ್ದು 1985ರಲ್ಲಿ, 50ನೇ ವಯಸ್ಸಿನಲ್ಲಿ. ಪೊರಕೆಯ ಮೇಲೆ ಕುಳಿತು ರೇಡಿಯೋ ಕೇಳುವ ಮಾಟಗಾತಿಯ ಚಿತ್ರವೊಂದನ್ನು ಮಗಳು ಬರೆದಿದ್ದಳು, ಅದೇ ಕಥೆಗೆ ಬೀಜವಾಯಿತು. ಮಕ್ಕಳ ಸಾಹಿತ್ಯಕ್ಕೆ ಸಿಗುವ ಹ್ಯಾನ್ಸ್ ಕ್ರಿಶ್ಚಿಯನ್ ಆ್ಯಂಡರ್‌ಸನ್ ಪ್ರಶಸ್ತಿ ಅವರಿಗೆ 2018ರಲ್ಲಿ ಬಂತು. ಆಗ ಅವರ ವಯಸ್ಸು 83.

"ಮಾಟಗಾತಿ, ಮಾಯೆ ಎಂದೆಲ್ಲ ಹೇಳುತ್ತಿದ್ದೀರಲ್ಲ, ಇದು ನಮ್ಮ ಮನೆಗೆ ಸರಿಯೇ?" ಎಂಬ ಪ್ರಶ್ನೆ ಕೆಲವು ತಾಯಂದಿರ ಮನಸ್ಸಿನಲ್ಲಿ ಇದ್ದೇ ಇದೆ. ಅದನ್ನು ತಳ್ಳಿಹಾಕುವ ಉದ್ದೇಶ ನನಗಿಲ್ಲ. ಸಿಹ್ರ್ ನಿಷಿದ್ಧ ಎಂಬುದರಲ್ಲಿ ಎರಡು ಮಾತಿಲ್ಲ. ಊರಲ್ಲಿ ಮಾಟ ತೆಗೆಸುತ್ತೇನೆಂದು ಹಣ ಕೀಳುವವರ ಬಾಗಿಲಿಗೆ ನಮ್ಮ ಹೆಣ್ಣುಮಕ್ಕಳು ಎಡತಾಕುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಆ ಭಯದ ವ್ಯಾಪಾರಕ್ಕೂ, ಪೊರಕೆಯ ಮೇಲೆ ರೊಟ್ಟಿ ತಲುಪಿಸುವ ಹುಡುಗಿಯ ಕಥೆಗೂ ಇರುವ ದೂರ ಎಂಟು ವರ್ಷದ ಮಗುವಿಗೂ ತಿಳಿಯುತ್ತದೆ. ನಮ್ಮ ಹಿರಿಯರ ಮನೆಗಳಲ್ಲಿ ಅಲಿಫ್ ಲೈಲಾ ಇತ್ತು. ಅಮೀರ್ ಹಂಝಾರ ದಾಸ್ತಾನ್ ಇತ್ತು, ಅದರಲ್ಲಿ ಜಗತ್ತನ್ನೇ ತುಂಬಿಸಿದರೂ ತುಂಬದ ಚೀಲ ಹೊತ್ತ ಅಮರ್ ಅಯ್ಯಾರ್ ಇದ್ದ. ಲಕ್ನೋದ ನವಲ್ ಕಿಶೋರ್ ಮುದ್ರಣಾಲಯ 1883ರಿಂದ 'ತಿಲಿಸ್ಮೆ ಹೋಶ್‌ರುಬಾ'ವನ್ನು ಸಂಪುಟಗಟ್ಟಲೆ ಅಚ್ಚು ಹಾಕಿದ್ದು ಓದುವವರು ಇದ್ದುದರಿಂದಲೇ. ಚಂದಮಾಮದ ಬೇತಾಳ, ಬಾಲಮಂಗಳದ ಡಿಂಗ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಮಕ್ಕಳು ಯಾವ ಪುಸ್ತಕ ಓದುತ್ತಿದ್ದಾರೆಂದು ತಾಯಿಗೆ ತಿಳಿದಿರಬೇಕು, ಸಾಧ್ಯವಾದರೆ ಅವಳೂ ಓದಿರಬೇಕು. ನನ್ನ ಅಭಿಪ್ರಾಯ ಇಷ್ಟೇ. ಒಪ್ಪದವರು ಮಾಯೆಯ ಸೋಂಕೂ ಇಲ್ಲದ ಮಾಂಗಾ ಹಿಡಿಯಬಹುದು. ಕಿಯೋಹಿಕೋ ಅಝೂಮಾರ 'ಯೋತ್ಸುಬಾ' ಎಂಬುದಿದೆ, ಐದು ವರ್ಷದ ತುಂಟಿಯೊಬ್ಬಳ ದಿನಚರಿ, ನಕ್ಕು ನಕ್ಕು ಸಾಕಾಗುತ್ತದೆ.

ಪೂರ್ವ ದೇಶದ ಮಾಯಾಲೋಕವನ್ನು ಪಶ್ಚಿಮದವರು ಹೇಗೆ ಚಿತ್ರಿಸುತ್ತಾರೆ ಎಂಬ ಕುತೂಹಲವಿದ್ದರೆ ಇಂಗ್ಲೆಂಡಿನ ಡಯಾನಾ ವಿನ್ ಜೋನ್ಸ್ ಅವರ 'ಕ್ಯಾಸಲ್ ಇನ್ ದಿ ಏರ್' ಓದಿ. 1990ರಲ್ಲಿ ಬಂದದ್ದು. ನಾಯಕ ಅಬ್ದುಲ್ಲಾ ಎಂಬ ಜಮಖಾನ ವ್ಯಾಪಾರಿ. ಅವನ ಹಾರುವ ಜಮಖಾನ ಹೊಗಳದೆ ಮೇಲೇಳುವುದಿಲ್ಲ! ಸುಲ್ತಾನ, ಬಾಟಲಿಯ ಜಿನ್ನ್ ಎಲ್ಲವೂ ಕಥೆಪುಸ್ತಕದಿಂದ ಎತ್ತಿಕೊಂಡ ಪೂರ್ವ, ನಿಜವಾದ ಯಾವ ಊರೂ ಅಲ್ಲ. ಸುಲ್ತಾನ ಮಹಾಶಯ ನಮಗೆ ಹಳಸಿದ ಪಾತ್ರ ಎನಿಸುತ್ತಾನೆ. ಆದರೂ ಅಬ್ದುಲ್ಲಾನ ಉದ್ದುದ್ದ ಸವಿಮಾತಿನ ವ್ಯಾಪಾರ ನಗೆ ತರಿಸದೆ ಇರದು.

ಆ ಲೇಖಕಿಗಿಂತ 85 ವರ್ಷ ಮೊದಲೇ ನಮ್ಮವಳೊಬ್ಬಳು ಇಂಥ ಕೆಲಸ ಮಾಡಿ ತೋರಿಸಿದ್ದಾಳೆ. ಬಂಗಾಳದ ರುಕಿಯಾ ಸಖಾವತ್ ಹುಸೈನ್ ಬರೆದ 'ಸುಲ್ತಾನಾಸ್ ಡ್ರೀಮ್' 1905ರಲ್ಲಿ ಮದ್ರಾಸಿನ 'ಇಂಡಿಯನ್ ಲೇಡೀಸ್ ಮ್ಯಾಗಝಿನ್'ನಲ್ಲಿ ಪ್ರಕಟವಾಯಿತು. ಡೆಪ್ಯುಟಿ ಮ್ಯಾಜಿಸ್ಟ್ರೇಟ್ ಆಗಿದ್ದ ಪತಿ ಪ್ರವಾಸದಲ್ಲಿದ್ದಾಗ ಹೊತ್ತು ಕಳೆಯಲು ಬರೆದ ಪುಟ್ಟ ಕಥೆ. ಕನಸಿನ ಆ ನಾಡಿನಲ್ಲಿ ಗಂಡಸರೆಲ್ಲ ಮರ್ದಾನದ ಒಳಗೆ. ಹೆಂಗಸರು ಆಡಳಿತ ನಡೆಸುತ್ತಾರೆ, ಮೋಡದಿಂದ ನೀರಿಳಿಸುತ್ತಾರೆ, ಬಿಸಿಲಿನ ಶಾಖದಲ್ಲಿ ಅಡುಗೆ ಮಾಡುತ್ತಾರೆ. ಅಡುಗೆ ಮನೆಯಲ್ಲಿ ಹೊಗೆ ಇಲ್ಲ, ಇದ್ದಿಲಿಲ್ಲ. ದಿನಕ್ಕೆ ಎರಡೇ ಗಂಟೆ ಕಚೇರಿ. ಗಂಡಸರಾದರೆ ಉಳಿದ ಹೊತ್ತನ್ನು ಚುಟ್ಟ ಸೇದಿಯೇ ಕಳೆಯುತ್ತಿದ್ದರಂತೆ. ಎಷ್ಟು ಚುರುಕಾದ ಹಾಸ್ಯ! ಮುಂದೆ ಕಲ್ಕತ್ತೆಯಲ್ಲಿ ಮುಸ್ಲಿಮ್ ಹೆಣ್ಣುಮಕ್ಕಳಿಗಾಗಿ ಶಾಲೆ ನಡೆಸಿದ ಮಹಾನುಭಾವಿ ಇವರೇ. ನಮ್ಮ ಹೆಣ್ಣುಮಕ್ಕಳ ಕಥೆ ಎಂದರೆ ತಲಾಕ್, ವರದಕ್ಷಿಣೆ, ಕಣ್ಣೀರು ಎಂಬಂತೆ ಆಗಿಹೋಗಿದೆ. ಅವನ್ನು ಬರೆಯಲೇಬೇಕು, ಓದಲೇಬೇಕು. ಆದರೆ ನಗಿಸುವ ಹಕ್ಕನ್ನು ರುಕಿಯಾ ನೂರು ವರ್ಷಕ್ಕೂ ಹಿಂದೆಯೇ ನಮಗಾಗಿ ಪಡೆದಿಟ್ಟಿದ್ದರು.

ಈ ಎಲ್ಲ ಪುಸ್ತಕಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಿ ಎಂದರೆ ನಾನು ಹಿಂದೆಮುಂದೆ ನೋಡದೆ ಎತ್ತಿಕೊಳ್ಳುವುದು ಫಿನ್ಲೆಂಡಿನ ಟೂವೆ ಯಾನ್ಸನ್ ಅವರ ಮೂಮಿನ್ ಕಥೆಗಳನ್ನು. ಮೂಮಿನ್ ಎಂದರೆ ದುಂಡಗಿನ ಬಿಳಿಯ ಜೀವಿಗಳ ಒಂದು ಸಂಸಾರ. ಮೊದಲ ಪುಸ್ತಕ ಬಂದದ್ದು 1945ರಲ್ಲಿ, ಯುದ್ಧ ಮುಗಿದ ವರ್ಷ. ಮೂಮಿನ್ ತಾಯಿಯ ಕೈಯಲ್ಲಿ ಸದಾ ಒಂದು ಕೈಚೀಲ. ಮನೆಗೆ ಯಾರೇ ಬರಲಿ, ಎಲ್ಲಿಂದ ಬಂದೆ ಎಂದು ಕೇಳುವ ಮೊದಲು ಊಟಕ್ಕೆ ತಟ್ಟೆ ಇಡುತ್ತಾಳೆ.

1962ರ ಸಂಕಲನದಲ್ಲಿ 'ಕಾಣದ ಮಗು' ಎಂಬ ಅರ್ಥದ ಹೆಸರಿನ ಕಥೆಯೊಂದಿದೆ. ಮಳೆಯ ರಾತ್ರಿ ಪರಿಚಯದವಳೊಬ್ಬಳು ಒಂದು ಮಗುವನ್ನು ಈ ಮನೆಗೆ ಕರೆತರುತ್ತಾಳೆ. ಮಗು ಯಾರಿಗೂ ಕಾಣುವುದಿಲ್ಲ. ಸಾಕುತ್ತಿದ್ದ ಹೆಂಗಸಿಗೆ ಅವಳನ್ನು ಕಂಡರಾಗದು. ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ದಿನವಿಡೀ ತಣ್ಣಗೆ ಕೊಂಕು ಮಾತು. ಅದನ್ನು ಕೇಳಿ ಕೇಳಿ ಮಗು ಅಂಚಿನಿಂದ ಮಸುಕಾಗುತ್ತಾ ಬಂದು ಕೊನೆಗೆ ಪೂರ್ತಿ ಮಾಯವಾಗಿದೆ. ಎಲ್ಲಿದ್ದಾಳೆಂದು ತಿಳಿಯಲು ಕೊರಳಲ್ಲಿ ಕಟ್ಟಿದ ಪುಟ್ಟ ಬೆಳ್ಳಿಯ ಗಂಟೆಯ ಸದ್ದೊಂದೇ ದಾರಿ.

ಮೂಮಿನ್ ತಾಯಿ ಗಾಬರಿಯಾಗುವುದಿಲ್ಲ. ತನ್ನ ಅಜ್ಜಿಯ ಮನೆಮದ್ದಿನ ಪುಸ್ತಕ ಹುಡುಕಿ ಏನೋ ಒಂದು ಕಲಸಿ ಕೊಡುತ್ತಾಳೆ. ಬೆಚ್ಚಗೆ ಮಲಗಿಸುತ್ತಾಳೆ. ಬೆಳಗಾದಾಗ ಮೆಟ್ಟಿಲಲ್ಲಿ ಎರಡು ಪುಟ್ಟ ಪಾದಗಳು ಮಾತ್ರ ಇಳಿದು ಬರುತ್ತವೆ! ತಾಯಿ ತನ್ನ ಗುಲಾಬಿ ಶಾಲನ್ನು ಕತ್ತರಿಸಿ ಅವಳಿಗೆ ಅಂಗಿ ಹೊಲಿಯುತ್ತಾಳೆ. ದಿನ ಕಳೆದಂತೆ ಕಾಲು ಕಾಣುತ್ತದೆ, ಅಂಗಿ ಕಾಣುತ್ತದೆ. ಮುಖ ಮಾತ್ರ ಕಾಣುವುದಿಲ್ಲ. ಮಗುವಿಗೆ ಆಡಲು ಬಾರದು, ನಗಲು ಬಾರದು, ಏನು ಹೇಳಿದರೂ ವಿನಯದಿಂದ ಸರಿ ಎನ್ನುತ್ತಾಳೆ. ಒಂದು ದಿನ ಎಲ್ಲರೂ ಸಮುದ್ರ ತೀರದಲ್ಲಿದ್ದಾಗ ಮೂಮಿನ್ ತಂದೆ ತಮಾಷೆಗೆ ಹೆಂಡತಿಯನ್ನು ಹಿಂದಿನಿಂದ ನೀರಿಗೆ ತಳ್ಳುವಂತೆ ನಟಿಸುತ್ತಾ ಬರುತ್ತಾನೆ. ಅವನು ನಿಜವಾಗಿಯೂ ತಳ್ಳುತ್ತಾನೆಂದು ತಿಳಿದ ಮಗು ಚೀರಿ, ಓಡಿ ಬಂದು ಅವನ ಬಾಲಕ್ಕೆ ಬಲವಾಗಿ ಕಚ್ಚುತ್ತಾಳೆ. ಆ ಕ್ಷಣದಲ್ಲಿ ಅವಳ ಮುಖ ಕಾಣಿಸುತ್ತದೆ. ಮೊಂಡು ಮೂಗಿನ, ಸಿಟ್ಟಿನಲ್ಲಿ ಕೆಂಡವಾದ ಮುಖ.

ಪ್ರೀತಿಯ ಆರೈಕೆಯಿಂದ ಪಾದ ಬಂತು, ಅಂಗಿ ಬಂತು. ಮುಖ ಬರಲು ಸಿಟ್ಟು ಬರಬೇಕಾಯಿತು, ಅದೂ ತನಗಾಗಿ ಅಲ್ಲ, ತನ್ನನ್ನು ಪ್ರೀತಿಸಿದವಳಿಗಾಗಿ. ಮನೆ ತುಂಬ ಜನರಿದ್ದೂ ಯಾರ ಕಣ್ಣಿಗೂ ಬೀಳದ, ಬಳೆಯ ಸದ್ದಿನಿಂದ ಮಾತ್ರ ಅಡುಗೆ ಮನೆಯಲ್ಲಿದ್ದಾಳೆಂದು ತಿಳಿಯುವ ಹೆಣ್ಣುಗಳನ್ನು ನೀವೂ ಕಂಡಿದ್ದೀರಿ, ನಾನೂ ಕಂಡಿದ್ದೇನೆ. ಹೊಸದಾಗಿ ಬಂದ ಸೊಸೆ ಇರಬಹುದು, ತವರಿಗೆ ಮರಳಿದ ನಾದಿನಿ ಇರಬಹುದು, ಮನೆಗೆಲಸಕ್ಕೆ ಬರುವ ಹುಡುಗಿ ಇರಬಹುದು. ಕೆಲವೇ ಪುಟಗಳ ಈ ಮಕ್ಕಳ ಕಥೆಯನ್ನು ನಾನು ನಾದಿನಿಯೊಬ್ಬಳಿಗೆ ಕನ್ನಡದಲ್ಲಿ ಹೇಳಿದಾಗ ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಆ ಸಾಕಿದ ಹೆಂಗಸಿಗೆ ಕೊನೆಗೆ ಏನಾಯಿತು?" ಕಥೆಯಲ್ಲಿ ಅವಳ ಸುದ್ದಿ ಮತ್ತೆ ಬರುವುದೇ ಇಲ್ಲ.

ಇವುಗಳೆಲ್ಲ ಸರಳ ಇಂಗ್ಲಿಷ್‌ನಲ್ಲಿ ಸಿಗುತ್ತವೆ. ಪಿಯುಸಿ ಓದಿದವರು ಒಂದೆರಡು ಅಧ್ಯಾಯದಲ್ಲಿ ಹಿಡಿತ ಸಾಧಿಸುತ್ತಾರೆ. ಮಾಂಗಾದಲ್ಲಂತೂ ಚಿತ್ರವೇ ಅರ್ಧ ಕಥೆ ಹೇಳುತ್ತದೆ. ಓದಿ ಅಭ್ಯಾಸವಿಲ್ಲದವರು ಕಿಕಿಯಿಂದ ಶುರುಮಾಡಿ. ಚಿತ್ರ ಬಿಡಿಸುವ ಮಗಳಿದ್ದರೆ ಕಾಮೋಮೆ ಶಿರಾಹಾಮಾರ 'ವಿಚ್ ಹ್ಯಾಟ್ ಅಟೆಲಿಯರ್' ನೋಡಿ. 2016ರಿಂದ ಬರುತ್ತಿರುವ ಮಾಂಗಾ, ನಾಯಕಿ ಬಟ್ಟೆ ಹೊಲಿಯುವವಳ ಮಗಳು, ಅಲ್ಲಿ ಮಾಯೆ ಎಂದರೆ ಶಾಯಿಯಲ್ಲಿ ಬಿಡಿಸುವ ಚಿತ್ರ. ತಾಯಿಗೆ ಒದಗುವ ಆಪತ್ತಿನ ಭಾಗ ಚಿಕ್ಕವರಿಗೆ ಹೆದರಿಕೆ ತರಬಹುದು, ಜೊತೆಯಲ್ಲಿ ಕುಳಿತುಕೊಳ್ಳಿ. ಏನೂ ನಡೆಯದಿದ್ದರೂ ಪರವಾಗಿಲ್ಲ ಎನ್ನುವವರಿಗೆ ಚಿಹಿರೋ ಇಶಿಝುಕಾರ 'ಫ್ಲೈಯಿಂಗ್ ವಿಚ್' ಇದೆ. ಸೇಬಿಗೆ ಹೆಸರಾದ ಹಿರೋಸಾಕಿ ಎಂಬ ಊರು. ಚಳಿಗಾಲ ಮುಗಿಯುವಾಗ ನೆಲದಿಂದೇಳುವ ಕಹಿ ಮೊಗ್ಗುಗಳನ್ನು ಆರಿಸಿ ತಂದು ಹಿಟ್ಟಿನಲ್ಲಿ ಅದ್ದಿ ಕರಿಯುವುದೇ ಅದರಲ್ಲೊಂದು ಅಧ್ಯಾಯ. ಮೊದಲ ಮಳೆಗೆ ತಗಟೆ ಸೊಪ್ಪು ಹುಡುಕಿ ಹಿತ್ತಿಲು ಸುತ್ತುವವರಿಗೆ ಬಹಳ ಇಷ್ಟವಾದೀತು. ಒಂದು ಎಚ್ಚರಿಕೆ: ಹಸಿದ ಹೊಟ್ಟೆಯಲ್ಲಿ ಓದಬೇಡಿ. ರಮಝಾನ್‌ನಲ್ಲಿ ಅಸರ್‌ನ ನಂತರವಂತೂ ಬೇಡವೇ ಬೇಡ.